ಪೆನ್ಸಿಲ್ ಚೂಪು ಮಾಡಿದ್ದು ನಾನೇ

ನವೆಂಬರಿನ ಶನಿವಾರ. ಬೆಳಕಾಗುವಾಗ ಹತ್ತೂವರೆ.
ಗ್ರೀಮ್ಸ್‌ವಿಕ್ ಶಾಲೆಗೆ ಆರು ವರ್ಷದಿಂದ ಮಕ್ಕಳಿಲ್ಲ,
ಗೋಡೆಯ ಮೇಲೆ ಏಳರ ಮಗ್ಗಿ ಮಾತ್ರ ಉಳಿದಿದೆ.
ಮತಪೆಟ್ಟಿಗೆಗೆ ನಾನು ಕಾವಲು.
ಪಟ್ಟಿಯಲ್ಲಿ ಮೂವತ್ತೇಳು ಹೆಸರು,
ಪರದೆಯ ಹಿಂದೆ ದಾರ ಕಟ್ಟಿದ ಒಂದು ಪೆನ್ಸಿಲ್.

ಕಿಟಕಿಯಾಚೆ, ಕೊಲ್ಲಿಯ ಬಾಯಲ್ಲಿ,
ಗಾಳಿಗೆ ಆಸರೆ ಹುಡುಕಿ ನಿಂತ ಕಂಪನಿಯ ಹಡಗು.
ಒಂದು ಊರಿನಷ್ಟು ದೀಪ.
ನಮ್ಮ ಊರಿನಷ್ಟಲ್ಲ, ಅದಕ್ಕಿಂತ ಹೆಚ್ಚು.

ಐಸ್‌ಲ್ಯಾಂಡಿನ ಈ ಕಡಲಲ್ಲಿ
ಕಾಡ್ ಮೀನಿಗೆ ಹುಟ್ಟುವ ಮೊದಲೇ ಒಡೆಯರಿದ್ದಾರೆ.
ಕೂಸಿಗಿಂತ ಮುಂಚೆ ಕುಲಾವಿಯಲ್ಲ, ಬೆಲೆಚೀಟಿ.
ನನ್ನ ಮದುವೆಯ ಮರುವರ್ಷ
ರಾಜಧಾನಿಯಲ್ಲಿ ಕೂತು ನೀರನ್ನು ಪಾಲು ಮಾಡಿದರು:
ಹಿಂದಿನ ಮೂರು ವರ್ಷ ಹಿಡಿದವರಿಗೆ ಹಿಡಿದಷ್ಟು,
ಮುಂದೆ ಎಂದೆಂದಿಗೂ.
ಮೀನು ಮುಗಿದೀತೆಂದು ಮಾಡಿದ ಕಾನೂನು.
ಮೀನು ಉಳಿಯಿತು, ಅದನ್ನು ಸುಳ್ಳೆನ್ನಲಾರೆ.
ಮುಗಿದದ್ದು ದೋಣಿಗಳು.

ಮಾರಿದವರೂ ನಾವೇ. ಇದನ್ನೂ ಬರೆದುಕೊಳ್ಳಿ.
ಹಾಲ್‌ದೋರ್ ತನ್ನ ಪಾಲು ಮಾರಿ ಅಡುಗೆಮನೆ ಕಟ್ಟಿಸಿದ.
ಸ್ಟೇನ್‌ಗ್ರೀಮುರ್ ಕಾರು ಕೊಂಡ,
ಓಡಿಸಲು ಆಗ ಇದ್ದದ್ದು ಹನ್ನೊಂದು ಕಿಲೋಮೀಟರ್ ರಸ್ತೆ.
ನನ್ನ ಗಂಡ ಎಲ್ಲರಿಗಿಂತ ಕೊನೆಗೆ ಮಾರಿದ,
ಆ ಹಣದಲ್ಲಿ ಹಲ್ಲು ಕಟ್ಟಿಸಿಕೊಂಡು
ಎರಡು ವರ್ಷ ಚೆನ್ನಾಗಿ ನಕ್ಕ.

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮಾತು
ನನ್ನ ಮುಂದೆ ಆಡಬೇಡಿ.
ನಲವತ್ತು ವರ್ಷ ಹೊಟ್ಟೆ ಸೀಳಿದ ಕೈ ಇದು.
ಒಮ್ಮೆ ಒಂದರೊಳಗೆ ಮಗುವಿನ ಕೈಗವಸು ಸಿಕ್ಕಿತ್ತು, ಕೆಂಪು ಉಣ್ಣೆಯದು.
ಆದರೆ ಹೊಟ್ಟೆಗಿಂತ ದೊಡ್ಡದನ್ನು ನುಂಗಿದ ಮೀನನ್ನು ಕಾಣೆ.
ನುಂಗಿದ್ದು ಮೊಮ್ಮಗಳಿಗೆ ಹೋದದ್ದನ್ನೂ.

ಒಂದು ಗಂಟೆಗೆ ಅವಳು ಬಂದಳು.
ಬೆರ್ಗ್‌ಥೋರನ ಮೊಮ್ಮಗಳು, ರಾಗ್ನ್‌ಹೇದುರ್. ಇಪ್ಪತ್ತೇಳು ವರ್ಷ.
ದೇಶದ ಪ್ರತಿ ಹನ್ನೊಂದನೆಯ ಮೀನು ಅವಳದು;
ಇರುವುದು ರಾಜಧಾನಿಯಲ್ಲಿ, ಹೆಸರು ಮಾತ್ರ ನಮ್ಮ ಪಟ್ಟಿಯಲ್ಲಿ.
ಬಾಗಿಲಲ್ಲಿ ಬೂಟಿನ ಹಿಮ ಕೊಡವಿ
ಸ್ಟೇನ್‌ಗ್ರೀಮುರನ ಹಿಂದೆ ಸಾಲಿಗೆ ನಿಂತಳು,
ಅವನ ಮಂಡಿನೋವು ವಿಚಾರಿಸಿದಳು,
ತಾನೇ ಮಾಡಿದ ಕೇಕನ್ನು ಮೇಜಿನ ಮೇಲಿಟ್ಟಳು.
ಒಳ್ಳೆಯ ಹುಡುಗಿ. ಕಷ್ಟ ಇರುವುದೇ ಅಲ್ಲಿ.
ರಕ್ಕಸಿಯಾಗಿದ್ದರೆ ಕತೆ ಸುಲಭವಿತ್ತು.
ಈ ಶಾಲೆಯ ಸೂರು, ಚರ್ಚಿನ ಗಂಟೆ,
ದಾದಿಯ ಸಂಬಳ, ವಾರಪತ್ರಿಕೆ, ಅದರ ಸಂಪಾದಕ:
ಆ ಮನೆಯ ಉಪ್ಪು ತಿನ್ನದ ನಾಲಿಗೆ ಊರಲ್ಲಿಲ್ಲ.

ಪರದೆಯ ಹಿಂದಿನಿಂದ ದನಿ:
"ಕ್ಷಮಿಸಿ, ಪೆನ್ಸಿಲ್ ಮುರಿಯಿತು."
ಕಿಸೆಯಲ್ಲಿ ಚಾಕು ಇದ್ದೇ ಇರುತ್ತದೆ.
ಚೂಪು ಮಾಡಿ ಕೊಟ್ಟೆ.
ಅವಳಿಗೊಂದು ಮತ. ನನಗೊಂದು ಮತ.
ಇದು ನಿಜ, ನಾನೇ ಎಣಿಸಿ ಗುರುತು ಹಾಕಿದ್ದೇನೆ.

ನಮ್ಮ ಮಾತೆಲ್ಲ ಮತವಾಗಿ,
ನಾಲ್ಕು ಮಡಿಕೆಯಾಗಿ ಪೆಟ್ಟಿಗೆಯೊಳಗೆ ಬಿತ್ತು.
ಅವಳದು ಮತವಷ್ಟೇ ಬಿತ್ತು.
ಮಾತು ಕೋಟಿನ ಗುಂಡಿ ಹಾಕಿಕೊಂಡು
ಅವಳ ಜೊತೆಗೇ ಹೊರಗೆ ನಡೆಯಿತು,
ನಾಳೆ ಅದಕ್ಕೆ ಮಂತ್ರಿಯ ಮನೆಯಲ್ಲಿ ಊಟವಿದೆ.

ಸಂಜೆ ಕಣಿವೆಯ ರಸ್ತೆ ಹಿಮದಲ್ಲಿ ಮುಚ್ಚಿತು.
ಪೆಟ್ಟಿಗೆ ಒಯ್ಯಲು ಕಂಪನಿಯ ದೋಣಿಯೇ ಬಂತು.
ಅರಗಿನ ಮುದ್ರೆ ಒತ್ತಿದೆ, ರಸೀದಿ ಪಡೆದೆ.
ಒಂದು ಚೀಟಿಯನ್ನೂ ಯಾರೂ ಮುಟ್ಟುವುದಿಲ್ಲ, ಬಲ್ಲೆ.
ಮುಟ್ಟುವ ಅಗತ್ಯವಿದ್ದ ಕಾಲ ಹೋಯಿತು.
ಉಳಿದ ಕೇಕ್ ತಿಂದೆ. ಚೆನ್ನಾಗಿಯೇ ಇತ್ತು.

ಹಡಗುಕಟ್ಟೆಯಲ್ಲಿ ಸ್ಟೇನ್‌ಗ್ರೀಮುರ್
ಗಾಳದ ದಾರ ಬಿಟ್ಟುಕೊಂಡು ಕೂತಿದ್ದ.
ಹೀಗೆ ಹಿಡಿದದ್ದನ್ನು ತಿನ್ನಬಹುದು, ಮಾರುವಂತಿಲ್ಲ.
ಬಕೆಟ್ಟಿನಲ್ಲಿ ಒಂದೇ ಮೀನು, ಇನ್ನೂ ಬಾಲ ಬಡಿಯುತ್ತಿತ್ತು.
"ಯಾರದು?" ಎಂದೆ.
ಅವನು ನಗಲಿಲ್ಲ. ಕೊಲ್ಲಿಯ ದೀಪಗಳನ್ನೇ ನೋಡುತ್ತ,
"ರಾತ್ರಿಯೂಟದವರೆಗೆ ನನ್ನದು," ಅಂದ.