ಮುಕ್ಕಾಲು ಗೇಣು

ಬರ್ನ್ ಪಟ್ಟಣದಲ್ಲಿ ಬೆಕ್ಕುಗಳಿಗೆ ಬೇರೆಯೇ ದಾರಿ.
ಮೂರನೆಯ ಮಹಡಿಯ ಕಿಟಕಿಯಿಂದ ಹೊರಟು
ಗೋಡೆಗೆ ಮೈಯೊತ್ತಿ, ಬಾಲ್ಕನಿಯ ಅಂಚು ಸವರಿ,
ಮಳೆನೀರ ಕೊಳವೆಯನ್ನೊಮ್ಮೆ ಬಳಸಿ
ಲೈಲಾಕ್ ಪೊದೆಯ ಬುಡದಲ್ಲಿ ನೆಲ ಮುಟ್ಟುವ
ಅಂಗೈಯಗಲದ ಮೆಟ್ಟಿಲು.
ಅದನ್ನು ಮಾಡುವವಳು ನಾನು.
ಮನುಷ್ಯರಿಗೆ ಮಂಚ, ಮೇಜು ಮಾಡಿದ್ದೂ ಉಂಟು;
ಅವರು ತಡವಿ ನೋಡಿ ತಲೆಯಾಡಿಸುತ್ತಾರೆ.
ಬೆಕ್ಕು ಮೂಸಿ ನೋಡುತ್ತದೆ. ಮೋಸ ನಡೆಯುವುದಿಲ್ಲ.

ರೆಗುಲಾ ಟ್ರಾಮ್ ಓಡಿಸುತ್ತಾಳೆ, ಹೆಚ್ಚಾಗಿ ರಾತ್ರಿಪಾಳಿ.
ಅವಳ ಮುಟ್ಸ್‌ಗೆ ಹದಿನಾಲ್ಕು ವರ್ಷ,
ಎಡ ಹಿಂಗಾಲಿನ ಮಂಡಿ ಹಿಡಿದಿದೆ,
ಅಂಗಳದ ಹುಚ್ಚು ಮಾತ್ರ ಬಿಟ್ಟಿಲ್ಲ.
"ನಾನಿಲ್ಲದಾಗ ಬಾಗಿಲ ಬಳಿ ಕೂತು ಅಳುತ್ತಂತೆ."

ಏಣಿ ಹಾಯುವ ಕಿಟಕಿಗಳದೆಲ್ಲ ಸಹಿ ಬೇಕು.
ಅಸ್ಮಾರಾದಿಂದ ಬಂದ ಸೆಲಾಮ್, ಎರಡನೆಯ ಮಹಡಿ,
ಕೇಳುವ ಮೊದಲೇ ಬರೆದುಕೊಟ್ಟಳು;
ಅವಳ ಕಿರಿಮಗನದೊಂದೇ ಪ್ರಶ್ನೆ:
ಅಳಿಲಿಗೂ ಹತ್ತಲು ಬಿಡುತ್ತೀರಾ?
ಉಳಿದದ್ದು ಮೊದಲ ಮಹಡಿ.
ಅಲ್ಲಿ ಲ್ಯೂತಿ, ತೆರಿಗೆ ಕಚೇರಿಯಿಂದ ನಿವೃತ್ತ.
ಆರು ವರ್ಷದ ಹಿಂದೊಂದು ಮಂಗಳವಾರ
ನೆಲಮಾಳಿಗೆಯ ಒಗೆಯುವ ಯಂತ್ರದಲ್ಲಿ, ಅವನ ಸರದಿಯಲ್ಲಿ,
ರೆಗುಲಾಳ ಸಮವಸ್ತ್ರ ತಿರುಗುತ್ತಿತ್ತು. ಅಷ್ಟೇ.
ಅಂದಿನಿಂದ ಮಾತಿಲ್ಲ, ಕತೆಯಿಲ್ಲ.
ಬೆಕ್ಕಿಗೆ ಗಂಟೆ ಕಟ್ಟುವವರ ಮಾತು ಹಾಗಿರಲಿ,
ಲ್ಯೂತಿಯ ಮನೆ ಗಂಟೆ ಒತ್ತುವವರು ಯಾರು?

ನಾನೇ ಒತ್ತಿದೆ.
ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ,
ಮೂಲೆಗೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಹೇರಿ,
ಲೆಕ್ಕದ ತಪ್ಪು ಹುಡುಕುವಂತೆ ಓದಿದ.
"ಮೆಟ್ಟಿಲಿಂದ ಮೆಟ್ಟಿಲಿಗೆ ಎಷ್ಟು?"
ಒಂದು ಗೇಣು, ಎಲ್ಲ ಬೆಕ್ಕಿಗೂ ಅಷ್ಟೇ, ಅಂದೆ.
"ಎಲ್ಲ ಬೆಕ್ಕಿಗೆ ಸರಿ. ಇದು ನಮ್ಮ ಮೆಟ್ಟಿಲಲ್ಲಿ
ಏಳು ಹತ್ತಿ ನನ್ನ ಬಾಗಿಲೆದುರು ನಿಲ್ಲುತ್ತದೆ.
ಎಂಟನೆಯದಕ್ಕೆ ಎರಡು ಸಲ ಯೋಚಿಸುತ್ತದೆ.
ಮುಕ್ಕಾಲು ಗೇಣು ಮಾಡಿ."
ಸಹಿ ಹಾಕಿದ. ಕೆಳಗೊಂದು ಷರತ್ತು, ಅಡಿಗೆರೆ ಎಳೆದು:
ನನ್ನ ಕಿಟಕಿಯೆದುರು ತಂಗುದಾಣ ಕೂಡದು.
ಹೊರಡುವಾಗ ಕಂಡೆ, ಅವನ ಬಾಗಿಲ ಇಣುಕುಗಾಜು
ಒರೆಸಿ ಒರೆಸಿ ಹೊಳೆಯುತ್ತಿತ್ತು.

ಹೊಸದಾಗಿ ಗೆರೆ ಹಾಕಿದೆ. ಲಾರ್ಚ್ ಮರ,
ಹಿಮದಲ್ಲಿ ಜಾರದಂತೆ ಮೆಟ್ಟಿಲಿಗೊಂದು ಗೋಣಿಪಟ್ಟಿ,
ತಿರುವಿನಲ್ಲಿ ಮೀಸೆ ತಗುಲದಷ್ಟು ಅಗಲ.
ಅಕ್ಟೋಬರ್ ಕೊನೆಗೆ ಕೂರಿಸಿ, ಕೈಯೂರಿ ಅಲುಗಿಸಿ ನೋಡಿ,
ಅಂಗಳದಲ್ಲಿ ಕಾದೆವು.
ಮುಟ್ಸ್ ಕಿಟಕಿಗೆ ಬಂತು. ಬೀದಿ ನೋಡಿತು.
ಒಳಗೆ ಹೋಗಿ, ನಾನು ತಿರುಪು ತಂದಿದ್ದ
ರಟ್ಟಿನ ಡಬ್ಬದಲ್ಲಿ ಮಲಗಿತು.
ಹನ್ನೊಂದು ದಿನ.
ಹನ್ನೆರಡನೆಯ ಬೆಳಗ್ಗೆ ಪಾಳಿ ಮುಗಿಸಿ ಬಂದ ರೆಗುಲಾ
ಫೋನಿನಲ್ಲಿ ಬರೀ ನಕ್ಕಳು, ಆಮೇಲೆ ಹೇಳಿದಳು:
ಮಂಜು ಕೂತ ಮೆಟ್ಟಿಲ ಮೇಲೆ
ಮೂರು ಪಾದದ ಅಚ್ಚು, ನಾಲ್ಕನೆಯದು ಎಳೆದ ಗೆರೆ,
ಕೆಳತನಕ.

ವಸಂತದಲ್ಲಿ ತಿರುಪು ಬಿಗಿಯಲು ಹೋದೆ.
ಲ್ಯೂತಿಯ ಕಿಟಕಿಯಲ್ಲಿ, ಒಂಬತ್ತನೆಯ ಮೆಟ್ಟಿಲಿಗೆ ಸಮನಾಗಿ,
ಹಲಗೆಯೊಂದು ಚಾಚಿತ್ತು. ನನ್ನ ಕೆಲಸವಲ್ಲ:
ಮೊಳೆ ಓರೆ, ಅಂಚೆಲ್ಲ ಸಿಬಿರು,
ಮೇಲೆ ನಾಲ್ಕು ಮಡಿಕೆಯ ಟವೆಲು.
"ಜೆರೇನಿಯಂ ಕುಂಡಕ್ಕೆ," ಅಂದ ಒಳಗಿಂದ.
ಕುಂಡ ಇರಲಿಲ್ಲ. ಟವೆಲಿನ ನಡುವೆ ತಗ್ಗು,
ತಗ್ಗಿನಲ್ಲಿ ಬೂದು ಕೂದಲು.

ಚೀಲದಿಂದ ಕೀಸುಳಿ ತೆಗೆದು
ಬೆಕ್ಕಿನ ಹೊಟ್ಟೆ ತಾಗುವ ಕಡೆಯಷ್ಟೇ ನಯ ಮಾಡಿದೆ.
ಬಿಲ್ಲಿನಲ್ಲಿ ಬರೆಯಲಿಲ್ಲ.
ಹೋಗುವಾಗ ನೆಲಮಾಳಿಗೆಯ ಪಟ್ಟಿ ನೋಡಿದೆ:
ಮಂಗಳವಾರ ಇನ್ನೂ ಲ್ಯೂತಿಯದೇ,
ಎರಡು ಸಲ ಅಡಿಗೆರೆ ಎಳೆದು.