ಇಪ್ಪತ್ತೈದರ ಕಟ್ಟು

ಮೊದಲ ಪ್ರಶ್ನೆಗೇ ಜಲಜಾಕ್ಷಿ ನಕ್ಕುಬಿಟ್ಟಳು.
(ಅವಳ ನಿಜ ಹೆಸರು ಇದಲ್ಲ.)
‘ಮುಂದಿನ ಮಗುವಿನ ಕುರಿತು ನಿಮ್ಮ ಭಾವನೆಗಳೇನು?’
ನನ್ನ ಗೈಡ್ ಮೂರು ಸಲ ತಿದ್ದಿಸಿದ ವಾಕ್ಯ ಅದು.
‘ಭಾವನೆ ಕೇಳ್ಲಿಕ್ಕೆ ಅತ್ತಾವರದಿಂದ ಎರಡು ಬಸ್ಸು ಹತ್ತಿ ಬಂದದ್ದಾ ಸಿಸ್ಟರ್?
ಕೂತ್ಕೊಳ್ಳಿ ಮಾರಾಯ್ರೆ, ಚಾ ಇಡ್ತೇನೆ.’

ಕುತ್ತಾರಿನ ಜಗಲಿ.
ಅವಳ ಮಡಿಲಲ್ಲಿ ತಡ್ಪೆ, ಎಲೆ, ಹೊಗೆಸೊಪ್ಪು, ನೂಲುಂಡೆ.
ನನ್ನ ಮಡಿಲಲ್ಲಿ ಒಪ್ಪಿಗೆ ಪತ್ರ, ರೆಕಾರ್ಡರು.
ಗಂಡ ಅಂಗಳದಾಚೆ ಆಟೋದಲ್ಲೇ ಕೂತಿದ್ದ,
‘ನಮ್ಮದು ಅವಳೇ ಹೇಳ್ತಾಳೆ’ ಅಂದವನು
ಮತ್ತೆ ಈ ಕಡೆ ತಿರುಗಲಿಲ್ಲ.

ನಾಲ್ಕರಲ್ಲಿ ಒಂದು. ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲಿ ಒಂದು.
ನಾನು ಚಿತ್ರ ಬರೆದು ತೋರಿಸುವ ಮೊದಲೇ ಅವಳೆಂದಳು:
‘ನೂರು ಬೀಡಿಗೆ ಇಪ್ಪತ್ತೈದು. ಸರಿಯಾಗಿ ಒಂದು ಕಟ್ಟು.
ಬ್ರಾಂಚಿನವ ಹಾಳು ಕಂಡದ್ದನ್ನು ನನ್ನೆದುರೇ ಮುರಿದು ಬಿಸಾಡ್ತಾನೆ.
ಅವನಿಗೆ ಕಣ್ಣಲ್ಲಿ ಕಂಡ ಮೇಲಿನ ತೀರ್ಮಾನ.
ನನಗೆ?’

ಮಗಳು ಮೋಕ್ಷಿತಾ ಒಂದನೇ ಕ್ಲಾಸು.
ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲು ಹೋಗುವಾಗ
ಸೇತುವೆ ಬಂದರೂ ಕಣ್ಣು ತೆರೆಯುವುದಿಲ್ಲವಂತೆ;
ಬರುವಾಗ ಕಿಟಕಿಗೆ ಮೂಗೊತ್ತಿ
ಇಡೀ ನೇತ್ರಾವತಿಯನ್ನು ಬಸ್ಸಿನವರಿಗೆಲ್ಲ ತೋರಿಸುತ್ತಾಳಂತೆ.

‘ಇನ್ನೊಂದು ಬೇಕು ಅಂದ್ರೆ ಇವಳು ಸಾಲದು ಅಂದ ಹಾಗೆ.
ಇವಳ ಹಾಗಿದ್ರೆ ಬೇಡ ಅಂದ್ರೆ,
ಇವಳೇ ಬೇಡ ಅಂದ ಹಾಗಲ್ವಾ?
ಹೊಟ್ಟೆಯಲ್ಲಿರುವಾಗಲೇ ನೋಡ್ಲಿಕ್ಕೆ ಆಗ್ತದೆ ಅಂತಾರೆ.
ನೋಡಿ ಏನು ಮಾಡುವುದು ಅಂತ
ಇವಳು ಮಲಗಿದ ಮೇಲೂ ಬಾಯಿ ಬಿಟ್ಟು ಮಾತಾಡಲಿಲ್ಲ ನಾವು.
ನೀವಾಗಿದ್ರೆ ಸಿಸ್ಟರ್?’

ಹಾಸ್ಟೆಲಿನಲ್ಲಿ ರಾತ್ರಿ ಬರೆದಿಳಿಸುವಾಗ
ಭಯಕ್ಕೆ ಹಳದಿ, ತಪ್ಪಿತಸ್ಥ ಭಾವಕ್ಕೆ ನೀಲಿ, ಆಸೆಗೆ ಹಸಿರು.
ಈ ಮಾತಿನ ಮೇಲೆ ಮೂರನ್ನೂ ಎಳೆದು ನೋಡಿದೆ,
ಕಾಗದ ಹರಿಯಿತು.
ಆಮೇಲೆ ನಲ್ವತ್ತು ಸೆಕೆಂಡು:
ಕತ್ತರಿಯ ಸದ್ದು, ದೂರದಲ್ಲಿ ಮೀನಿನವನ ಹಾರ್ನು.
‘ಹನ್ನೊಂದನೆಯವರು: ಮೌನ’ ಎಂದು ಬರೆದೆ.
ಸುಳ್ಳು. ಆ ಮೌನ ನನ್ನದು.

ಪ್ರಬಂಧದಲ್ಲಿ ಇಲ್ಲದ್ದು ಇಷ್ಟು:
ನಾನು ಎದ್ದು ಚಪ್ಪಲಿ ಹಾಕುವಾಗ ಹುಡುಗಿ ಒಳಗಿಂದ ಬಂದು
ಅಮ್ಮ ಕಟ್ಟಿಟ್ಟದ್ದನ್ನು ಬೆರಳಿಟ್ಟು ಎಣಿಸಿದಳು.
‘ಅಮ್ಮಾ, ಇದರಲ್ಲಿ ಇಪ್ಪತ್ತಾರು ಉಂಟು!’
ಎಷ್ಟೋ ವರ್ಷದ ಕೈ, ಲೆಕ್ಕ ತಪ್ಪಿತ್ತು.
ಜಲಜಾಕ್ಷಿ ಹೆಚ್ಚಿನ ಒಂದನ್ನು ಮೆಲ್ಲ ಎಳೆದು ತೆಗೆದಳು,
ಬಿಚ್ಚಲಿಲ್ಲ, ಬೇರೆ ಕಟ್ಟಿಗೂ ಸೇರಿಸಲಿಲ್ಲ;
ತಡ್ಪೆಯ ಅಂಚಿಗೆ ಇಟ್ಟು
ಅದು ಉರುಳದ ಹಾಗೆ
ಕತ್ತರಿಯನ್ನು ಒತ್ತಿಗೆ ಸರಿಸಿದಳು.