ಯೂಸ್ತನ ಮರುದಿನ

ಗುಳೇದಗುಡ್ಡದ ಕಲ್ಲಿನ ಚರ್ಚಿನೊಳಗ ಆವತ್ತು
ಸಭಾ ಹಿರೇತನಕ್ಕ ಎರಡು ಹೆಸರು, ಎರಡು ಚೀಟಿ,
ಒಂದು ಹಿತ್ತಾಳಿ ತಂಬಗಿ.
ರೂತಕ್ಕನ ಸಣ್ಣ ಮಗಳು ಕಣ್ಣು ಮುಚ್ಚಿ ಕೈ ಹಾಕಿದಳು.
ಆಮೋಸಪ್ಪಂದು ಬಂತು.
ಅಪ್ಪಂದು ಒಳಗ ಉಳೀತು.

ಪ್ರಾರ್ಥನಾ ಆತು. ಜನ ಚಹಾ ಕುಡಿದು ಹೋದರು.
ತಂಬಗಿ ತೊಳೀಲಿಕ್ಕೆ ಒಯ್ದ ಅವ್ವ
ಆ ಚೀಟಿ ತೆಗೆದು ಕುಪ್ಪಸದಾಗ ಇಟ್ಟುಕೊಂಡಳು;
ಯಾಕಂತ ನಾ ಕೇಳಲಿಲ್ಲ.

ರಾತ್ರಿ ಸತ್ಯವೇದ ನಾನೇ ತೆಗೆದೆ.
ಯೂದನ ಜಾಗಾ ಖಾಲಿ ಇತ್ತಲ್ಲ, ಅಲ್ಲೂ ಎರಡು ಹೆಸರು:
ಮತ್ತೀಯ ಬಂದ. ಯೂಸ್ತ ಉಳಿದ.
ಪುಟ ತಿರುವಿದರ ಗಾಳಿ ಸಪ್ಪಳ, ಬೆಂಕಿ ನಾಲಿಗಿ,
ಅವನ ಸುದ್ದಿ ಒಂದಕ್ಷರ ಇಲ್ಲ.
"ಮಾರಿ ಸಣ್ಣದು ಮಾಡಿಕೊಂಡು
ಮನಿಗೆ ಹೋದನೇನಪಾ ಅಂವ?"

ಅಪ್ಪ ಕುಣಿಮಗ್ಗದಾಗ ಕಾಲು ಇಳಿಬಿಟ್ಟು
ಖಣದ ಹಾಸಿನೊಳಗ ಹರಿದ ಎಳಿ ಹುಡುಕುತ್ತಿದ್ದ,
ಚಾಳೀಸು ಹಣಿ ಮ್ಯಾಲೆ.
"ಯೊರ್ದನ್ ಹೊಳಿಯಿಂದ ಹಿಡಿದು ಕಡೀತನಕ
ಸಂಗಾಟ ಇದ್ದಾಂವ ಅಂತ ಬರದಾರಿಲ್ಲ?
ಹೆಸರು ಕರಿಯೂಕಿಂತ ಮೊದಲ ನಡದಾಂವ,
ಕರೀಲಿಲ್ಲಂತ ನಿಂತಾನೇನ?"
ಎಳಿ ಸಿಕ್ಕಿತು. ಉಗುಳು ಹಚ್ಚಿ ಹೊಸೆದ.

ಖರೆ ಹೇಳತೀನಿ, ನನಗ ಪೂರಾ ಸಮಾಧಾನ ಆಗಲಿಲ್ಲ.
ಅಂವಗರ ಆಗಿತ್ತೋ ಇಲ್ಲೋ,
ಆ ರಾತ್ರಿ ಲಾಳಿ ಎರಡು ಸಲ
ಕೈ ತಪ್ಪಿ ಕುಣಿಯೊಳಗ ಬಿತ್ತು.

ಮುಂದಿನ ಐತವಾರ
ಆಮೋಸಪ್ಪ ಹೊಸ ಕೋಟಿನಾಗ ಬರೂದರೊಳಗ
ಜಮಖಾನಿ ಹಾಸಿಯಾಗಿತ್ತು.
ಗಂಟಿ ಹಗ್ಗ ಹಿಡಿದು ನಿಂತಿದ್ದ ಅಪ್ಪ,
ಅಂಗೈ ಗೆರಿಯೊಳಗ
ತೊಳೆದರೂ ಹೋಗದ ಖಣದ ಕೆಂಪು.